ಹೊಸ ಹುಟ್ಟು ತಿಳಿಸಾಕ ರಕ್ತ ಏರಿಸೋ ಉದಾಹರಣೆ ಸಾಕೇನ್ರಿ?

ಬೆಟಗೇರಿ ಯುವಕೂಟ:
ಎಲ್ಲರಿಗೂ ಯೇಸುವಿನ ನಾಮದಲ್ಲಿ ವಂದನೆಗಳು. ಯುವಕೂಟದಾಗ ಯೋಹಾನ 3ನೇ ಅಧ್ಯಾಯ ನಡದೈತಿ. ಹೊಸದಾಗಿ ಹುಟ್ಟೋದು ಅಂದ್ರ ಏನಂತ ತಿಳಿಸಾಕ ರೂಢಿ ಪ್ರಕಾರ ಕೊಡೋ ಉದಾಹರಣೆ ರಕ್ತ ಏರಿಸೋದು. ಕೂಟದಾಗ ನರ್ಸಿಂಗ್ ಓದೋರು ಅದಾರ. "ಏರಿಸಿದ ರಕ್ತ ನಾಕು ತಿಂಗಳಿಗೆ ಮುಗದ ಹೋಗತೈತಿ, ರಕ್ಷಣೆನೂ ಹಂಗೇನು?" ಅನ್ನೋ ಪ್ರಶ್ನೆಗೆ ಏನು ಹೇಳಬೇಕು? ವೈದ್ಯಕೀಯವಾಗಿ ತಪ್ಪಿರಬಾರದು, ವಾಕ್ಯಕ್ಕೂ ಹೊಂದಬೇಕು. ಪಾಠ ಅರ್ಧ ತಾಸಿಂದು.

ಲ್ಯಾಬ್ ಟೆಕ್ನಿಷಿಯನ್, ಹುಬ್ಬಳ್ಳಿ:
ಪ್ರಶ್ನೆ ಖರೇನ ಐತ್ರಿ. ಕೆಂಪು ಕಣದ ಆಯುಷ್ಯ ಸುಮಾರು 120 ದಿನ. ಬಾಟಲಿ ಏರಿಸಿದ್ರ ರಕ್ತ ಬರತೈತಿ, ರಕ್ತ ಹುಟ್ಟೋ ಜಾಗ ಇದ್ದಂಗ ಇರತೈತಿ. ರಕ್ತದ ಕ್ಯಾನ್ಸರಿನಾಗ ಕೆಟ್ಟಿರೋದು ಆ ಜಾಗನ, ಎಲುಬಿನೊಳಗಿನ ಮಜ್ಜೆ. ಅದಕ್ಕ ಅಸ್ಥಿಮಜ್ಜೆ ಕಸಿ ತಗೊಳ್ರಿ.

ಮೊದಲು ಎಚ್‌ಎಲ್‌ಎ (ಇದು ನಮ್ಮದು, ಇದು ಪರರದು ಅಂತ ಮೈ ಗುರುತಿಸೋ ಕಣದ ಗುರುತು) ಹೊಂದಾಣಿಕೆ ನೋಡತಾರ. ಒಡಹುಟ್ಟಿದ ಒಬ್ಬೊಬ್ಬರದೂ ಪೂರ್ತಿ ಹೊಂದೋ ಸಾಧ್ಯತೆ 4ರಾಗ 1. ರಕ್ತದ ಗುಂಪು ಒಂದೇ ಇರಬೇಕಂತಿಲ್ಲ, ಇದನ್ನ ನೆನಪಿಡ್ರಿ. ಆಮೇಲೆ ಸುಮಾರು ಒಂದು ವಾರ ಭಾರೀ ಕೀಮೋ, ಕೆಲವರಿಗೆ ವಿಕಿರಣನೂ. ಹಳೇ ಮಜ್ಜೆ ಸಾಯಬೇಕು, ಮೈಯ ಪ್ರತಿರೋಧನೂ ಇಳೀಬೇಕು. ಇದು ಅರೆಬರೆ ಆದ್ರ ಹೊಸ ಕಣಗಳನ್ನ ಮೈ ತಳ್ಳಿಬಿಡತೈತಿ. ಪೂರ್ತಿ ಆತಂದ್ರ ಹಿಂದಕ್ಕ ದಾರಿ ಇಲ್ಲ: ದಾನಿಯ ಕಣ ಬರದಿದ್ರ ರೋಗಿ ಉಳಿಯಂಗಿಲ್ಲ. ಕಣ ಕೊಡೋ ದಿನಕ್ಕ 'ಸೊನ್ನೆಯ ದಿನ' ಅಂತಾರ. ಆಪರೇಷನ್ ಇಲ್ಲ, ಚೀಲ ತೂಗ ಹಾಕಿ ದೊಡ್ಡ ರಕ್ತನಾಳದೊಳಗ ಬಿಡತಾರ. ಎಲುಬಿನ ದಾರಿ ಕಣಗಳೇ ಹುಡಿಕ್ಕೊಂಡು ಹೋಗತಾವ. ಮುಂದ ಎರಡರಿಂದ ನಾಕು ವಾರ ಹೊರಗ ಏನೂ ಕಾಣಂಗಿಲ್ಲ. ನ್ಯೂಟ್ರೊಫಿಲ್ ಅನ್ನೋ ಬಿಳಿಕಣದ ಎಣಿಕೆ ಮೂರು ದಿನ ಸತತ 500ಕ್ಕಿಂತ ಮ್ಯಾಲಿದ್ರ ಕಸಿ ಹಿಡೀತು ಅಂತ. ಗಾಳಿ ಎಲ್ಲಿಂದ ಬರತೈತೋ ತಿಳಿಯಂಗಿಲ್ಲ, ಸಪ್ಪಳ ಕೇಳತೈತಿ ಅನ್ನೋ 8ನೇ ವಚನ ಇಲ್ಲಿಗೆ ಕೂಡತೈತಿ.

ಈಗ ಮುಖ್ಯ ಮಾತು. ರೋಗಿ ಎ ಗುಂಪಿನವ, ದಾನಿ ಓ ಗುಂಪಿನವ ಆಗಿದ್ರ, ಕೆಲವು ತಿಂಗಳಿಗೆ ರೋಗಿಯ ರಕ್ತನೂ ಓ ಆಗತೈತಿ. ಸಣ್ಣವಿದ್ದಾಗ ಹಾಕಿಸಿದ ಲಸಿಕೆಗಳ ಬಲ ಬಹಳಷ್ಟು ಅಳಿಸಿ ಹೋಗಿರತೈತಿ. ಸುಮಾರು ಆರು ತಿಂಗಳಿಂದ ಕೂಸಿಗೆ ಹಾಕಿದಂಗ ಮತ್ತ ಶುರು ಮಾಡತಾರ. ದಡಾರದಂಥ ಜೀವಂತ ಲಸಿಕೆ ಎರಡು ವರ್ಷಕ್ಕ ಮುಂಚೆ ಕೊಡಂಗಿಲ್ಲ. 1 ಪೇತ್ರ 2:2ರ ಹಸುಗೂಸಿನ ಮಾತು ಅವತ್ತೇ ಓದಿಸ್ರಿ.

ಇನ್ನೊಂದು. ಡಿಎನ್‌ಎ ನೋಡಿದ್ರ ರಕ್ತ ದಾನಿಯದು, ಕೂದಲಿನ ಬೇರು ಹಳೇ ಮನುಷ್ಯಾಂದು. (ಗಲ್ಲದೊಳಗಿನ ಮಾದರಿ ತಗೋಬಾರದು, ಅದರಾಗ ದಾನಿಯ ಬಿಳಿಕಣ ಬೆರೆತಿರತಾವ.) ಹೊಸದಾಗಿ ಹುಟ್ಟಿದವಗೂ ಹಳೇ ಶರೀರಭಾವ ಯಾಕ ಕಾಡತೈತಿ ಅಂತ ರೋಮಾಪುರದವರಿಗೆ 7 ಓದೋವಾಗ ಯಾರರ ಕೇಳೇ ಕೇಳತಾರ.

ಸಭಾಪಾಲಕ, ಧಾರವಾಡ:
ಒಳ್ಳೆಯ ಉದಾಹರಣೆ. ಅದು ಎಲ್ಲಿ ಮುರಿಯುತ್ತದೆ ಎಂಬುದನ್ನೂ ಅದೇ ಪಾಠದಲ್ಲಿ ಹೇಳಿರಿ. ಮಜ್ಜೆ ಕೊಟ್ಟವನಿಗೆ ಕೆಲವೇ ವಾರಗಳಲ್ಲಿ ಅದು ಮತ್ತೆ ತುಂಬಿಕೊಳ್ಳುತ್ತದೆ; ಕ್ರಿಸ್ತನು ಪ್ರಾಣವನ್ನೇ ಕೊಟ್ಟನು. ಅದಕ್ಕಿಂತ ದೊಡ್ಡ ಕೊರತೆಯೆಂದರೆ ರೋಗದಲ್ಲಿ ಅಪರಾಧವಿಲ್ಲ, ಪಾಪದಲ್ಲಿದೆ. ಕ್ಷಮೆಯನ್ನೂ ನೀತಿವಂತನೆಂಬ ತೀರ್ಪನ್ನೂ ದವಾಖಾನೆಯ ಮಾತಿನಿಂದ ವಿವರಿಸಲಾಗದು, ಅದಕ್ಕೆ ನ್ಯಾಯಸ್ಥಾನದ ಮಾತೇ ಬೇಕು. ಇದನ್ನು ಬಿಟ್ಟರೆ ಕೇಳುವವರು 'ರೋಗ ಪಾಪದ ಫಲ' ಎಂದುಕೊಂಡು ಹೋಗುತ್ತಾರೆ. ಹುಟ್ಟುಕುರುಡನ ವಿಷಯದಲ್ಲಿ ಯೇಸು ಅದನ್ನು ನೇರವಾಗಿ ಅಲ್ಲಗಳೆದಿದ್ದಾನೆ, ಯೋಹಾನ 9:3.

ಕಸಿಯಾದ ಮೇಲೆ ದಾನಿಯ ಕಣಗಳು ರೋಗಿಯ ಚರ್ಮ, ಕರುಳು, ಯಕೃತ್ತಿನ ಮೇಲೆ ದಾಳಿ ಮಾಡುವುದುಂಟು. ಅದನ್ನು ಗಲಾತ್ಯ 5:17ರ ಆತ್ಮ–ಶರೀರಭಾವಗಳ ಹೋರಾಟಕ್ಕೆ ಜೋಡಿಸಲು ಮನಸ್ಸಾಗುತ್ತದೆ. ಬೇಡ. ಅದು ಜೀವ ತೆಗೆಯಬಲ್ಲ ತೊಡಕು, ಪವಿತ್ರಾತ್ಮನ ಕೆಲಸ ಅಂಥದಲ್ಲ.

ದೇವರು ಹೊಸ ಹೃದಯ ಕೊಡುವೆನೆನ್ನುವ ಯೆಹೆಜ್ಕೇಲ 36:26ಕ್ಕೆ ಹೃದಯ ಕಸಿಯ ಉದಾಹರಣೆ ಕೊಡುವವರಿಗೂ ಒಂದು ಮಾತು: ಅಲ್ಲಿ ಹೃದಯವೆಂದರೆ ರಕ್ತ ತಳ್ಳುವ ಅಂಗವಲ್ಲ, ಬುದ್ಧಿ ಮತ್ತು ಸಂಕಲ್ಪದ ನೆಲೆ. ಕಸಿ ಮಾಡಿದ ಹೃದಯವನ್ನು ಮೈ ಪರಕೀಯವೆಂದೇ ಎಣಿಸುತ್ತದೆ, ಬದುಕಿರುವವರೆಗೂ ಮಾತ್ರೆ ಬೇಕು.

ಸಿಸ್ಟರ್, ರಾಣೇಬೆನ್ನೂರ:
ನಿಕೊದೇಮನಿಗೆ ಹೊಸ ಹುಟ್ಟಿನ ಮಾತು ಹೇಳಿದ ಯೇಸು, 14ನೇ ವಚನದಾಗ ಮೋಶೆ ಎತ್ತಿದ ಸರ್ಪಕ್ಕ ಬರತಾನ. ಅರಣ್ಯಕಾಂಡ 21 ಓದ್ರಿ: ಹಾವು ಕಡಿಸ್ಕೊಂಡೋರು ಮೋಶೆ ಕಂಬಕ್ಕ ಏರಿಸಿದ ತಾಮ್ರದ ಸರ್ಪ ನೋಡಿ ಉಳದ್ರು. ಹೊಲಕ್ಕ ಹೋಗೋ ಮಂದಿಗೆ ಹಾವಿನ ವಿಷದ ಮಾತು ಲಗೂ ತಿಳಿತೈತಿ.

ನಮ್ಮ ದೇಶದ ವಿಷನಿರೋಧಕ ನಾಕು ಹಾವಿಗೆ: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಕುದುರೆಗೆ ವಿಷ ಸ್ವಲ್ಪ ಸ್ವಲ್ಪ ಕೊಟ್ಟು, ಅದರ ರಕ್ತದೊಳಗ ಆದ ಪ್ರತಿಕಾಯ (ವಿಷಕ್ಕ ಎದುರು ನಿಲ್ಲೋ ಪದಾರ್ಥ) ತೆಗೀತಾರ. ವಿಷ ಉಂಡ ಇನ್ನೊಂದು ಜೀವದ ರಕ್ತದಿಂದ ಬಂದ ಮದ್ದು. ಒಂದು ವಯಲ್ ಪುಡಿಗೆ 10 ಮಿಲಿ ನೀರು, ಶುರುವಿಗೆ 10 ವಯಲ್‌ವರೆಗೆ, ಸಲೈನಿನಾಗ ಸುಮಾರು ಒಂದು ತಾಸು. ಕೂಸಿಗೂ ದೊಡ್ಡವರಿಗೂ ಒಂದೇ ಡೋಸ್: ಹಾವು ಬಿಟ್ಟ ವಿಷ ಮೈ ತೂಕ ನೋಡಂಗಿಲ್ಲ. "ಸಣ್ಣ ಪಾಪಿಗೆ ಸಣ್ಣ ಕೃಪೆ ಸಾಕಲ್ಲ?" ಅನ್ನೋರಿಗೆ ಇದನ್ನ ಹೇಳ್ರಿ.

ಕೊರತೆ ಏನಂದ್ರ ಈ ಮದ್ದು ವಿಷ ತಡೀತೈತಿ, ಹೊಸ ಜೀವ ಹುಟ್ಟಸಂಗಿಲ್ಲ. ಅದೂ ಕೆಲವೇ ವಾರ ಮೈಯಾಗ ಇರತೈತಿ.

ಬೆಟಗೇರಿ ಯುವಕೂಟ:
ಬಹಳ ಉಪಕಾರ ಆತ್ರಿ. ಅರ್ಧ ತಾಸಿನಾಗ ಎರಡೂ ಹಿಡಿಸತಾವೇನು?

ಸಭಾಪಾಲಕ, ಧಾರವಾಡ:
ಹಾವಿಗೆ ಹತ್ತು ನಿಮಿಷ, 'ನಾನು ಉಳಿಯುವುದು ಹೇಗೆ' ಎಂಬಷ್ಟಕ್ಕೆ. ಮಜ್ಜೆಗೆ ಹದಿನೈದು, 'ಉಳಿದವನು ಏನಾಗುತ್ತಾನೆ' ಎಂಬುದಕ್ಕೆ. ಉಳಿದ ಐದರಲ್ಲಿ 2 ಅರಸು 18:4 ಓದಿಸಿರಿ: ಜನ ಅದೇ ತಾಮ್ರದ ಸರ್ಪಕ್ಕೆ ಧೂಪ ಹಾಕತೊಡಗಿದಾಗ ಹಿಜ್ಕೀಯನು ಅದನ್ನು ಒಡೆದುಹಾಕಿದನು. ಕೂಟದಲ್ಲಿ ಯಾರ ಮನೆಯಲ್ಲಾದರೂ ರಕ್ತದ ಕ್ಯಾನ್ಸರ್ ಇದ್ದರೆ ಮೊದಲೇ ಅವರನ್ನು ಕೇಳಿರಿ. ಬೇಡವೆಂದರೆ ಮಜ್ಜೆಯ ಉದಾಹರಣೆ ಆ ದಿನ ಕೈಬಿಡಿ.