ತಂಗೀನ ಬಿಎಸ್ಸಿ ಕೆಮಿಸ್ಟ್ರಿ-ಬಯೋಕೆಮಿಸ್ಟ್ರಿಗೆ ದಾವಣಗೆರೇಲಿ ಸೇರಿಸ್ತಿದೀವಿ, ಓದಿದೋರು ಹೇಳ್ರಪ್ಪ

ನಮ್ದು ಹಿರಿಯೂರು ಹತ್ರ ಹಳ್ಳಿ. ತಂಗಿಗೆ ನೀಟ್ ರ‍್ಯಾಂಕ್ ಬರ್ಲಿಲ್ಲ, ಕೆಮಿಸ್ಟ್ರಿ ಬಯೋಕೆಮಿಸ್ಟ್ರಿ ಇರೋ ಬಿಎಸ್ಸಿ ತಗೊಂತಿದಾಳೆ. ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಂ. ಸಣ್ಣ ಯೂನಿವರ್ಸಿಟಿ ಡಿಗ್ರಿಗೆ ಏನ್ ಬೆಲೆ ಐತೆ, ಬೆಂಗಳೂರಿಗೇ ಕಳ್ಸು ಅಂತ ಮಾವ ಒಂದೇ ಸಮ ಹೇಳ್ತಿದಾರೆ. ನಿಮ್ಮ ಅನುಭವ ಹೆಂಗಿತ್ತು?

—

ನಾನು ದಾವಣಗೆರೇಲೇ ಓದಿದ್ದು, ಈಗ ಔಷಧಿ ಕಂಪ್ನೀಲಿ ಕ್ಯೂಸಿ (ಔಷಧಿ ಗುಣಮಟ್ಟ ಪರೀಕ್ಷೆ ಮಾಡೋ) ಲ್ಯಾಬಲ್ಲಿದೀನಿ. ನಮ್ಮ ಬಯೋಕೆಮಿಸ್ಟ್ರಿ ಕ್ಲಾಸಲ್ಲಿ ಇದ್ದಿದ್ದೇ 14 ಜನ, ಅದೇ ನನ್ನ ಪುಣ್ಯ ನೋಡ್ರಿ. ಫಸ್ಟ್ ಸೆಮ್‌ನಲ್ಲಿ ಆಕ್ಸಾಲಿಕ್ ಆಸಿಡ್ ಬಿಸಿ ಮಾಡೋದೇ ಮರ್ತು ತಣ್ಣಗಿದ್ದಂಗೇ ಪರ್ಮಾಂಗನೇಟ್ ಬಿಟ್ಟೆ, ಮೊದಲ್ನೇ ಹನಿಗೇ ಪಿಂಕ್ ನಿಂತ್ಕೊಂತು, ಎಂಡ್ ಪಾಯಿಂಟ್ (ರಿಯಾಕ್ಷನ್ ಮುಗ್ದ ಗುರುತು) ಬಂತು ಮೇಡಂ ಅಂತ ಕೂಗಿದೆ. ಮೇಡಂ ಬೈಲಿಲ್ಲ, ಪಕ್ಕದಲ್ಲೇ ನಿಂತು 60-70 ಡಿಗ್ರಿಗೆ ಬಿಸಿ ಮಾಡ್ಸಿ, ಶುರುವಿಗೆ ರಿಯಾಕ್ಷನ್ ನಿಧಾನ, ಆಮೇಲೆ ಹುಟ್ಟೋ ಮ್ಯಾಂಗನೀಸ್ ಅಯಾನೇ ಅದನ್ನ ಮುಂದಕ್ಕೆ ತಳ್ಳುತ್ತೆ ಅಂತ ತೋರ್ಸಿದ್ರು. ಮುಂದೆ ಎಂಜೈಮ್ ಚಾಪ್ಟರ್ ಬಂದಾಗ ಕ್ಯಾಟಲಿಸ್ಟ್ (ರಿಯಾಕ್ಷನ್ ಬೇಗ ಮಾಡ್ಸೋ ವಸ್ತು) ಅಂದ್ರೇನು ಅಂತ ನಂಗೆ ಯಾರೂ ಹೇಳ್ಬೇಕಾಗ್ಲಿಲ್ಲ. ಅರವತ್ತು ಜನ ಬ್ಯಾಚಲ್ಲಿ ನಂದು ಯಾರ್ ನೋಡ್ತಿದ್ರು? ಪಕ್ಕದವನ ರೀಡಿಂಗ್ ಕಾಪಿ ಹೊಡ್ದು ರೆಕಾರ್ಡ್ ಸೈನ್ ಮಾಡ್ಸಿರ್ತಿದ್ದೆ.

ನಿಮ್ಮ ತಂಗಿಗೆ ಒಂದೇ ಮಾತು ಹೇಳ್ರಿ, ಬ್ಯುರೆಟ್ (ಹನಿ ಹನಿ ದ್ರಾವಣ ಬಿಡೋ ಗಾಜಿನ ಕೊಳವೆ) ತಾನೇ ಹಿಡೀಲಿ. ಮತ್ತೆ ಕೆಮಿಸ್ಟ್ರಿ ಬಿಟ್ಟು ಬಯೋಕೆಮಿಸ್ಟ್ರಿ ಉರು ಹೊಡಿಯೋಕೆ ಹೋಗ್ಬಾರ್ದು. ಗ್ಲೈಕಾಲಿಸಿಸ್ (ಜೀವಕೋಶದಲ್ಲಿ ಗ್ಲೂಕೋಸ್ ಒಡೆಯೋ ಕ್ರಮ) ಹತ್ತು ಸ್ಟೆಪ್ ಬಾಯಿಪಾಠ ಮಾಡ್ದೋರು ಇಂಟರ್ನಲ್ಸ್ ಮುಗ್ಯೋದ್ರೊಳಗೆ ಮರ್ತಿದ್ರು, ಆರು ಕಾರ್ಬನ್ ಎಲ್ಲಿ ಮೂರು-ಮೂರಾಗಿ ಒಡೀತವೆ, ಫಾಸ್ಫೇಟ್ ಎಲ್ಲಿ ಹತ್ತುತ್ತೆ ಎಲ್ಲಿ ಇಳಿಯುತ್ತೆ ಅಂತ ಲೆಕ್ಕ ಇಟ್ಟೋರಿಗೆ ಈಗ್ಲೂ ನೆನಪೈತೆ. ಇಂಗ್ಲಿಷ್ ಭಯ ಒಂದು ವರ್ಷ ಇರುತ್ತೆ. ನಾವು ಹಾಸ್ಟೆಲಲ್ಲಿ ಕನ್ನಡದಲ್ಲೇ ಒಬ್ರಿಗೊಬ್ರು ಪಾಠ ಹೇಳಿ ಆಮೇಲೆ ಇಂಗ್ಲಿಷಲ್ಲಿ ಬರೀತಿದ್ವಿ.

—

ಮೇಲಿನವರು ಚೆನ್ನಾಗಿರೋದಷ್ಟೇ ಹೇಳಿದ್ರು. ನಂಗೆ ಒಂದು ಸೆಮ್ ಪೂರ್ತಿ ಗೆಸ್ಟ್ ಲೆಕ್ಚರರ್ ಬಂದಿದ್ದೇ ಲೇಟು, ಫಿಸಿಕಲ್ ಕೆಮಿಸ್ಟ್ರಿ ಎನ್‌ಪಿಟಿಇಎಲ್ (ಐಐಟಿಯೋರ ಆನ್‌ಲೈನ್ ಪಾಠ) ವಿಡಿಯೋ ನೋಡ್ಕಂಡೇ ಪಾಸಾಗಿದ್ದು. ಕಲರಿಮೀಟರ್ (ದ್ರಾವಣದ ಬಣ್ಣ ಎಷ್ಟು ಗಾಢ ಅಂತ ಅಳೆಯೋ ಯಂತ್ರ) ಒಂದೇ, ಡಿಎನ್‌ಎಸ್ (ಸಕ್ಕರೆ ಅಳೆಯೋ ಟೆಸ್ಟ್) ಮಾಡೋ ದಿನ ರೇಷನ್ ಅಂಗಡಿ ಥರ ಕ್ಯೂ. ಅಂಥಾ ಕಡೆ ಕಾಯ್ತಾ ಕೂತ್ರೆ ಕೆಡ್ತೀರ.

ಎಮ್ಮೆಸ್ಸಿಗೆ ಐಐಟಿ ಕಡೆ ಹೋಗೋ ಆಸೆ ಇದ್ರೆ ಜ್ಯಾಮ್ ಪರೀಕ್ಷೆ ಈಗ್ಲೇ ತಲೇಲಿಟ್ಕೊಳ್ಲಿ. ಮೂರು ಗಂಟೆ, 60 ಪ್ರಶ್ನೆ, 100 ಮಾರ್ಕ್ಸ್. ಬಯೋಕೆಮಿಸ್ಟ್ರಿಗೆ ಅಂತ ಬೇರೆ ಪೇಪರ್ ಇಲ್ಲ, ಕೆಮಿಸ್ಟ್ರಿ ಇಲ್ಲಾ ಬಯೋಟೆಕ್ನಾಲಜಿ ಬರೀಬೇಕು, ಎರಡಕ್ಕೂ ಸ್ವಲ್ಪ ಗಣಿತ ಬೇಕು. ಪಿಯುಸಿ ಮ್ಯಾತ್ಸ್ ಬುಕ್ ರದ್ದಿಗೆ ಹಾಕ್ಬೇಡಿ, ನಾನು ಹಾಕಿ ಅನುಭವಿಸಿದೀನಿ.

—

ನಾನು ಚಿತ್ರದುರ್ಗದೋಳು. ಗಡಸು ನೀರಿನ ಪ್ರಾಕ್ಟಿಕಲ್‌ಗೆ ನಮ್ಮ ಮೇಷ್ಟ್ರು ಅವರವರ ಊರಿನ ಬೋರ್‌ವೆಲ್ ನೀರು ತರೋಕೆ ಹೇಳಿದ್ರು. ನೀರಿಗೆ ಹಾಕಿದ ಇಂಡಿಕೇಟರ್ ಬಣ್ಣ ವೈನ್ ರೆಡ್ ಹೋಗಿ ನೀಲಿ ಆಗ್ಬೇಕು, ನಮ್ಮೂರ ನೀರಿಗೆ ಇಡಿಟಿಎ (ಗಡಸುತನ ಅಳೆಯೋಕೆ ಬಿಡೋ ದ್ರಾವಣ) ಬಿಟ್ಟೂ ಬಿಟ್ಟೂ ಕೈ ನೋವು ಬಂತು. ಮನೇಲಿ ಬೇಳೆ ಯಾಕ್ ಬೇಯಲ್ಲ ಅಂತ ಅವತ್ತು ಅಮ್ಮಂಗೆ ಪಾಠ ಮಾಡಿದೆ. ಇನ್ನೊಂದು, ಅಮೈಲೇಸ್ (ಎಂಜಲಲ್ಲಿರೋ, ಪಿಷ್ಟ ಒಡೆಯೋ ಎಂಜೈಮ್) ಪ್ರಾಕ್ಟಿಕಲ್ ದಿನ ಮಂಡಕ್ಕಿ-ಮಿರ್ಚಿ ತಿಂದು ಬಾಯಿ ತೊಳೀದೆ ಹೋಗ್ಬೇಡಿ ಅಂತ ಹೇಳಿ, ನಮ್ಮ ಕ್ಲಾಸ್ ಹುಡ್ಗ ಒಬ್ಬಂದು ಎಂಜಲಲ್ಲೇ ಪಿಷ್ಟ ಇತ್ತು, ಅಯೋಡಿನ್ ಹಾಕಿದ್ ತಕ್ಷಣ ನೀಲಿ 😄

—

ಎಲ್ರಿಗೂ ಥ್ಯಾಂಕ್ಸ್, ಮಾವಂಗೂ ಓದಿ ಹೇಳ್ದೆ, ಸುಮ್ಮನಾದ್ರು. ಮುಂದಿನ ವಾರ ಅಡ್ಮಿಷನ್. ಅಪ್ರಾನ್ ಎಂಥದ್ದು ತಗೋಬೇಕು?

—

ಕಾಟನ್ ತಗೊಳ್ರಿ, ಫುಲ್ ತೋಳಿಂದು. ಪಾಲಿಸ್ಟರ್ ಬರ್ನರ್ ಹತ್ರ ಕರಗಿ ಮೈಗೆ ಅಂಟ್ಕೊಳ್ಳುತ್ತೆ.