ಸಹಾಯ ಬೇಕು: ಘಾನಾ ಆಳಿದವರ ಪಟ್ಟಿ ಸರಿಮಾಡಿಕೊಡಿ

ಎಲ್ಲರಿಗೂ ನಮಸ್ಕಾರ. ಕ್ವಿಜ್‌ಗಾಗಿ 1957ರಿಂದ ಈಚೆಗೆ ಘಾನಾ ಆಳಿದವರ ಪಟ್ಟಿ ಮಾಡುತ್ತಿದ್ದೇನೆ. ಎನ್‌ಕ್ರುಮಾ ಮೊದಲು ಪ್ರಧಾನಿ, 1960ರಲ್ಲಿ ಅಧ್ಯಕ್ಷ. ಅಲ್ಲಿಯವರೆಗೆ ಸಲೀಸು. 1966ರಲ್ಲಿ ಅವರು ವಿದೇಶಕ್ಕೆ ಹೋಗಿದ್ದಾಗ ಸೇನೆ ಕುರ್ಚಿ ಕಿತ್ತುಕೊಂಡಿತು. ಆಮೇಲಿನದ್ದೇ ತಲೆನೋವು.

1969ರಿಂದ 1972ರವರೆಗೆ ಬುಸಿಯಾ ಪ್ರಧಾನಿ. ಆದರೆ 1970ರಿಂದ ಎಡ್ವರ್ಡ್ ಅಕುಫೊ-ಅಡ್ಡೊ ಅಧ್ಯಕ್ಷ. ಅಧಿಕಾರ ಇದ್ದದ್ದು ಬುಸಿಯಾ ಕೈಯಲ್ಲಿ ಅಲ್ವಾ? ಹಾಗಾದರೆ ಅವರ ಹೆಸರೊಂದೇ ಸಾಕಾ?

ಇನ್ನು ಸೇನಾಧಿಕಾರಿ ರಾಲಿಂಗ್ಸ್. 1979ರಲ್ಲಿ ಕೆಲವೇ ತಿಂಗಳು ಆಳಿ ಲಿಮಾನ್‌ಗೆ ಬಿಟ್ಟುಕೊಟ್ಟರು. 1981ರ ಡಿಸೆಂಬರ್ 31ಕ್ಕೆ ಅವರನ್ನೇ ಇಳಿಸಿ ಮತ್ತೆ ಕೂತರು. 1992ರಲ್ಲಿ ಚುನಾವಣೆಯನ್ನೂ ಗೆದ್ದರು! ಒಬ್ಬರಿಗೇ ಎರಡು ಸಾಲು ಹಾಕಲಾ, ಮೂರಾ? ಹಿಂದೊಮ್ಮೆ ಅಧ್ಯಕ್ಷರಾಗಿದ್ದ ಮಹಾಮಾ ಕೂಡ 2025ರಲ್ಲಿ ಅದೇ ಹುದ್ದೆಗೆ ವಾಪಸ್ ಬಂದಿದ್ದಾರೆ.

ರಾಜಧಾನಿ ಅಕ್ರಾ ಕಡೆ ಇದ್ದು ಬಂದವರು ಯಾರಾದರೂ ಇದ್ದರೆ, 1972ರಲ್ಲಿ ಬುಸಿಯಾರನ್ನು ಇಳಿಸಿದ ಸೇನಾಧಿಕಾರಿಯ ಹೆಸರು ‘ಅಚೆಂಪಾಂಗ್’ ಉಚ್ಚಾರ ಸರಿಯಾ ಅಂತಲೂ ಹೇಳಿ. ಭಾನುವಾರದೊಳಗೆ ಬೇಕು.