ದೊಡ್ಮನೆ ಘಟ್ಟ ಇಳಿಯಲಾ, ಹತ್ತಲಾ? ರೋಡ್ ಬೈಕ್‌ನಲ್ಲಿ ಸಿದ್ದಾಪುರ–ಕುಮಟಾ–ಜೋಗ

ಪೆಡಲ್‌ಪಯಣ:
ಎಲ್ಲರಿಗೂ ನಮಸ್ಕಾರ. ನವೆಂಬರ್ ಎರಡನೇ ವಾರದಲ್ಲಿ ಮೂರು ದಿನ ರಜೆ ಸಿಕ್ಕಿದೆ. ನಾನು ಮತ್ತು ನನ್ನ ತಮ್ಮ ಉತ್ತರ ಕನ್ನಡದ ಘಟ್ಟದಲ್ಲಿ ಸೈಕಲ್ ಹೊಡೆಯಬೇಕು ಅಂತಿದ್ದೇವೆ. ಹಾಕಿಕೊಂಡಿರುವ ದಾರಿ ಹೀಗಿದೆ. ಮೊದಲ ದಿನ ಶಿರಸಿಯಿಂದ ಸಿದ್ದಾಪುರ, ಅಲ್ಲಿಂದ ದೊಡ್ಮನೆ ಘಟ್ಟ ಇಳಿದು ಕುಮಟಾ, ಒಟ್ಟು ಹತ್ತಿರ ಹತ್ತಿರ 100 ಕಿ.ಮೀ. ಎರಡನೇ ದಿನ ಹೊನ್ನಾವರ, ಗೇರುಸೊಪ್ಪ, ಘಟ್ಟ ಹತ್ತಿ ಜೋಗ. ಮೂರನೇ ದಿನ ವಾಪಸ್ ಶಿರಸಿ.

ಎರಡೂ ರೋಡ್ ಬೈಕ್, 28 ಎಂ.ಎಂ. ಟೈರ್, ಗೇರ್ ಚಕ್ರದ ಹಲ್ಲು ಮುಂದೆ 50/34, ಹಿಂದೆ 11–32. ನನ್ನದು ಡಿಸ್ಕ್ ಬ್ರೇಕ್, ತಮ್ಮನದು ಹಳೇ ರಿಮ್ ಬ್ರೇಕ್. ನಂದಿಬೆಟ್ಟ ತಿಂಗಳಿಗೆರಡು ಸಲ ಹತ್ತುತ್ತೇವೆ, ಹಾಗಾಗಿ ಏರಿನ ಭಯ ಇಲ್ಲ. ಆದರೆ ಕಾಡಿನ ದಾರಿಯ ಅನುಭವ ಇಬ್ಬರಿಗೂ ಇಲ್ಲ. ಈ ಗೇರ್ ಸಾಕಾ? ಸುತ್ತು ಯಾವ ದಿಕ್ಕಿನಲ್ಲಿ ಹೊಡೆದರೆ ಒಳ್ಳೇದು? ನಕ್ಷೆಯಲ್ಲಿ ಗೊತ್ತಾಗದ ವಿಷಯ ಏನಿದ್ದರೂ ಹೇಳಿ.

ಗಾಲಿಗೆಳೆಯ:
ಗೇರ್ ಸಾಕು. 34ಕ್ಕೆ 32 ಹಾಕಿಕೊಂಡು ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 8 ಕಿ.ಮೀ. ಹೋಗುತ್ತೀರಿ. ಈ ಘಟ್ಟಗಳಿಗೆ ಅಷ್ಟು ಧಾರಾಳ. ಉಸಿರು ಎಳೆದುಕೊಳ್ಳದೆ ಮಾತಾಡಿಕೊಂಡೇ ಹತ್ತಬಹುದು.

ನಾನು ಬರೆಯುತ್ತಿರೋದು ಇಳಿಯೋದರ ಬಗ್ಗೆ. ದೊಡ್ಮನೆ ಘಟ್ಟದಲ್ಲಿ ನಾನು ಬಿದ್ದಿದ್ದೇನೆ. ಅದೂ ನವೆಂಬರ್‌ನಲ್ಲೇ. ಮಳೆ ನಿಂತು ಮೂರು ವಾರ ಆಗಿತ್ತು, ಆಕಾಶ ನೀಲಿ, ರಸ್ತೆ ಒಣಗಿದೆ ಅಂತಲೇ ಅಂದುಕೊಂಡಿದ್ದೆ. ಅಲ್ಲಿ ರಸ್ತೆ ಸಣ್ಣದು, ಮೇಲೆ ಮರ ಕೂಡಿಕೊಂಡಿವೆ, ಕೆಲವು ಕಡೆ ಮಧ್ಯಾಹ್ನ 12ಕ್ಕೂ ಬಿಸಿಲು ಬೀಳೋದಿಲ್ಲ. ಬಸ್ಸು ಜೀಪುಗಳ ಚಕ್ರ ಉರುಳುವ ಎರಡು ಪಟ್ಟಿ ಮಾತ್ರ ಕಪ್ಪಗೆ, ಒಣಗಿ ಇರುತ್ತದೆ. ನಡುವೆ ಮತ್ತು ಎರಡೂ ಅಂಚಿನಲ್ಲಿ ಪಾಚಿ. ದೂರದಿಂದ ಅದು ಹಸಿರಾಗಿ ಕಾಣೋದಿಲ್ಲ, ಟಾರಿನ ಮೇಲೆ ನೆರಳು ಬಿದ್ದ ಹಾಗೆ ಕಾಣುತ್ತದೆ. ಎದುರಿಗೆ ಜೀಪು ಬಂತು ಅಂತ ಅಂಚಿಗೆ ಸರಿದೆ, ಮುಂದಿನ ಬ್ರೇಕ್ ಸ್ವಲ್ಪ ಮುಟ್ಟಿದೆ ಅಷ್ಟೇ. ಚಕ್ರ ಹೇಗೆ ಜಾರಿತು ಅಂತ ಗೊತ್ತಾಗುವ ಮೊದಲೇ ನೆಲದಲ್ಲಿದ್ದೆ. ಕಾಲರ್ ಬೋನ್ ಮುರಿದು ಆರು ವಾರ ಕೈ ಕಟ್ಟಿಕೊಂಡು ಕೂತೆ.

ಹಾಗಾಗಿ ನನ್ನ ಮಾತು ಇಷ್ಟೇ: ದೊಡ್ಮನೆ ಹತ್ತಿ, ಇಳಿಯಬೇಡಿ. ಹತ್ತುವಾಗ ಜಾರಿದರೆ ಕಾಲು ಊರಿ ನಿಲ್ಲುತ್ತೀರಿ.

ಕಡಲತಡಿ:
ಗಾಲಿಗೆಳೆಯರಿಗೆ ಆದದ್ದು ಓದಿ ಬೇಜಾರಾಯಿತು. ಆದರೂ ನಾನು ಒಪ್ಪೋದಿಲ್ಲ.

ನಾನು ಹೊನ್ನಾವರದವನು. ದೊಡ್ಮನೆ ಹತ್ತಬೇಕು ಅಂದರೆ ಗೇರುಸೊಪ್ಪ ಕಡೆ ಇಳಿಯಬೇಕು ತಾನೇ? ಅದು ಶಿವಮೊಗ್ಗ ಹೆದ್ದಾರಿ. ಬಸ್ಸು, ಲಾರಿ, ಜೋಗ ನೋಡಲು ಬರುವ ಕಾರು ಎಲ್ಲಾ ಅದೇ ದಾರಿ. ಮಾಲೆಮನೆಯಿಂದ ಕೆಳಗೆ ತಿರುವುಗಳಲ್ಲಿ ಹತ್ತಿ ಬರುವ ಬಸ್ಸು ಪೂರ್ತಿ ನಿಮ್ಮ ಕಡೆಗೇ ಬಂದುಬಿಡುತ್ತದೆ, ಇಲ್ಲದಿದ್ದರೆ ಅದಕ್ಕೆ ತಿರುಗಲು ಆಗೋದಿಲ್ಲ. ನೀವು 40ರ ವೇಗದಲ್ಲಿ ಇಳಿಯುತ್ತಿದ್ದರೆ ಏನು ಮಾಡುತ್ತೀರಿ? ಅದೇ ಹತ್ತುವಾಗ ನೀವು 8ರಲ್ಲಿ ಇರುತ್ತೀರಿ, ಹಿಂದೆ ಬರುವ ಲಾರಿಯೂ ಮೊದಲನೇ ಗೇರಿನಲ್ಲೇ ಒದ್ದಾಡುತ್ತಿರುತ್ತದೆ, ನಿಮ್ಮನ್ನು ನೋಡಲು ಅವನಿಗೂ ಬೇಕಾದಷ್ಟು ಹೊತ್ತು ಇರುತ್ತದೆ. ವಾಹನ ಜಾಸ್ತಿ ಇರುವ ಘಟ್ಟ ಹತ್ತಬೇಕು, ಕಡಿಮೆ ಇರುವ ಘಟ್ಟ ಇಳಿಯಬೇಕು. ನಾವು ಇಲ್ಲಿ ಪಾಲಿಸೋದು ಇದನ್ನೇ.

ಇನ್ನೊಂದು. ಹೊನ್ನಾವರದಿಂದ ಜೋಗಕ್ಕೆ ಸುಮಾರು 60 ಕಿ.ಮೀ. ಅದರಲ್ಲಿ ಮೊದಲ ಅರ್ಧ ಶರಾವತಿ ದಂಡೆಯ ಸಮತಟ್ಟು ದಾರಿ, ತೆಂಗು ಅಡಿಕೆ ತೋಟಗಳ ನಡುವೆ. ಬೆಳಿಗ್ಗೆ ಹೊಳೆ ಮೇಲೆ ಮಂಜು ಎದ್ದಿರುತ್ತದೆ. ಕಾಲು ಬಿಸಿಯಾಗಲು ಇದಕ್ಕಿಂತ ಒಳ್ಳೇ ದಾರಿ ಬೇಕಾ? ಗೇರುಸೊಪ್ಪದಲ್ಲಿ ಹೊಳೆ ಆಚೆ ಕಾಡಿನಲ್ಲಿ ಚತುರ್ಮುಖ ಬಸದಿ ಇದೆ, ಬಿಡಬೇಡಿ. ಚೆನ್ನಭೈರಾದೇವಿ ಆಳಿದ ಜಾಗ ಅದು. ಪೋರ್ಚುಗೀಸರು ಕಾಳುಮೆಣಸಿನ ರಾಣಿ ಅಂತ ಕರೆದದ್ದು ಇವಳನ್ನೇ.

ಕಾನುಕೂಸು:
ನಮ್ಮ ಮನೆ ದೊಡ್ಮನೆ ಕಡೆಯೇ. ಸೈಕಲ್ ಗಿಯರಿನ ವಿಷಯ ನನಗೆ ಗೊತ್ತಿಲ್ಲ, ರಸ್ತೆ ಗೊತ್ತು. 20 ವರ್ಷ ಇದೇ ದಾರಿಯಲ್ಲಿ ಸ್ಕೂಟರಿನಲ್ಲಿ ಓಡಾಡಿದ್ದೇನೆ.

ಇಬ್ಬರೂ ಸರಿಯಾಗಿಯೇ ಹೇಳಿದ್ದಾರೆ. ಆದರೆ ಇಬ್ಬರೂ ತಿಂಗಳು ಬಿಟ್ಟು ಮಾತಾಡುತ್ತಿದ್ದಾರೆ. ಇಲ್ಲಿ ಮಳೆ ನಿಂತ ಕೂಡಲೇ ಪಾಚಿ ಹೋಗೋದಿಲ್ಲ. ಅಕ್ಟೋಬರ್ ಮುಗಿದ ಮೇಲೂ ಗುಡ್ಡದ ಬದಿಯಿಂದ ಒಸರು ನೀರು ರಸ್ತೆಗೆ ಬರುತ್ತಲೇ ಇರುತ್ತದೆ, ರಾತ್ರಿ ಇಬ್ಬನಿ ಬೀಳುತ್ತದೆ, ಮರದಿಂದ ಬೆಳಿಗ್ಗೆ 10ರ ತನಕ ಹನಿ ತೊಟ್ಟಿಕ್ಕುತ್ತದೆ. ಸಂಕ್ರಾಂತಿ ಹೊತ್ತಿಗೆ ಪಾಚಿ ಒಣಗಿ ಪುಡಿಯಾಗಿ ಹಾರಿಹೋಗಿರುತ್ತದೆ. ಜನವರಿಯಲ್ಲಿ ಬರುವವರಿದ್ದರೆ ಕಡಲತಡಿಯವರು ಹೇಳಿದ ಹಾಗೆ ಆರಾಮಾಗಿ ಇಳಿಯಿರಿ ಅನ್ನುತ್ತಿದ್ದೆ. ನವೆಂಬರ್ ಎರಡನೇ ವಾರ ಅಂದರೆ ಬೇಡ. ಅದರಲ್ಲೂ ತಮ್ಮನ ಹಳೇ ಬ್ರೇಕಿನ ಸೈಕಲ್ ಇದೆ ಅಂದಿದ್ದೀರಿ.

ಹತ್ತಿ ಬನ್ನಿ. ಕುಮಟಾದಿಂದ ಬೆಳಿಗ್ಗೆ ಬೇಗ ಹೊರಡಿ, ಕರಾವಳಿಯ ಸೆಕೆ ಏರುವ ಮೊದಲು ಸಂತೆಗುಳಿ ದಾಟಿಬಿಡಬೇಕು. ಅಲ್ಲಿಂದ ಮೇಲೆ ನೆರಳು. ಸಂತೆಗುಳಿಯಲ್ಲೇ ನೀರು ತುಂಬಿಸಿಕೊಳ್ಳಿ, ಘಟ್ಟದಲ್ಲಿ ಅಂಗಡಿ ಸಿಗೋದಿಲ್ಲ. ಫೋನೂ ನಂಬಬೇಡಿ. ಬಸ್ಸು ಬಂದರೆ ಪಾಚಿ ಅಂಚಿಗೆ ಸರಿದು ತುಳಿಯುತ್ತಾ ಇರಬೇಡಿ, ಸೈಕಲ್ ಇಳಿದು ಪಕ್ಕಕ್ಕೆ ನಿಂತುಬಿಡಿ. ಡ್ರೈವರುಗಳು ಕೈ ಎತ್ತಿ ಹೋಗುತ್ತಾರೆ. ಹಿಂದಿನ ಕೆಂಪು ದೀಪ ಹಗಲಲ್ಲೇ ಹಾಕಿಕೊಳ್ಳಿ. ಬಿಸಿಲಿನಿಂದ ತಟ್ಟನೆ ಮರದ ಕತ್ತಲೆಗೆ ಬಂದವರಿಗೆ ಸೈಕಲ್ ಕಾಣೋದಿಲ್ಲ.

ನಿಂತಲ್ಲಿ ಕಾಲು ನೋಡಿಕೊಳ್ಳಿ, ಉಂಬಳ ಇನ್ನೂ ಇರುತ್ತವೆ. ಕಿತ್ತು ಎಳೆಯಬೇಡಿ, ಉಪ್ಪು ಮುಟ್ಟಿಸಿದರೆ ತಾನೇ ಬಿಡುತ್ತದೆ.

ಕಡಲತಡಿ:
ಕಾನುಕೂಸು ಅಕ್ಕ ಹೇಳಿದ ಮೇಲೆ ಆ ಕಡೆಯ ರಸ್ತೆ ಬಗ್ಗೆ ನಾನು ವಾದ ಮಾಡೋದಿಲ್ಲ. ನಾನು ದೊಡ್ಮನೆ ಇಳಿದದ್ದೆಲ್ಲ ಫೆಬ್ರವರಿಯಲ್ಲೇ, ಅದು ನಿಜ.

ಹಾಗಾದರೆ ಹೆದ್ದಾರಿ ಇಳಿಯಲು ಒಂದು ದಾರಿ ಹೇಳುತ್ತೇನೆ. ಹಿಂದಿನ ರಾತ್ರಿ ಜೋಗದಲ್ಲೇ ಉಳಿಯಿರಿ. ಬೆಳಕು ಹರಿದ ಕೂಡಲೇ, 6.30ಕ್ಕೆಲ್ಲಾ ಹೊರಡಿ. ಆ ಹೊತ್ತಿನಲ್ಲಿ ಪ್ರವಾಸಿಗಳ ಕಾರು ಇರೋದಿಲ್ಲ. ಶನಿವಾರ ಭಾನುವಾರ ಬಿಟ್ಟು ಬೇರೆ ದಿನ ಇಟ್ಟುಕೊಂಡರೆ ಇನ್ನೂ ಒಳ್ಳೇದು. ತಿರುವಿನ ಒಳಗೆ ಬ್ರೇಕ್ ಹಿಡಿಯಬೇಡಿ, ತಿರುವಿಗೆ ಮೊದಲೇ ವೇಗ ಇಳಿಸಿಬಿಡಿ. ತಮ್ಮನಿಗೆ ಹೇಳಿ, ರಿಮ್ ಬ್ರೇಕ್ ಉದ್ದಕ್ಕೂ ಒತ್ತಿ ಹಿಡಿದರೆ ರಿಮ್ ಕಾದು ಟ್ಯೂಬ್ ಒಡೆಯಬಹುದು. ಒಮ್ಮೆ ಗಟ್ಟಿಯಾಗಿ ಹಿಡಿದು ಬಿಡಬೇಕು, ಮತ್ತೆ ಹಿಡಿದು ಬಿಡಬೇಕು. ನಡುವೆ ಎರಡು ಸಲ ನಿಂತು ರಿಮ್ ಮುಟ್ಟಿ ನೋಡಲಿ.

ನಿಲ್ಲಲು ಒಳ್ಳೇ ಜಾಗ ಕತ್ತಲೆಕಾನು. ಹೆಸರಿನ ಹಾಗೇ ಇದೆ. ಅಲ್ಲಿ ರಾಮಪತ್ರೆ ಜಡ್ಡಿ ಇದೆ, ಅಂದರೆ ಸದಾ ನೀರು ನಿಂತ ಜೌಗು, ಅದರಲ್ಲಿ ಮರಗಳ ಬೇರು ಮೊಣಕಾಲು ಮಡಚಿದ ಹಾಗೆ ನೀರಿನಿಂದ ಮೇಲೆದ್ದು ಮತ್ತೆ ಒಳಗೆ ಹೋಗಿರುತ್ತವೆ. ಬೇರು ಉಸಿರಾಡೋದು ಹಾಗೆ. ಇಂಥ ಜಡ್ಡಿ ಪಶ್ಚಿಮ ಘಟ್ಟದಲ್ಲಿ ಈಗ ಉಳಿದಿರೋದೇ ಕೆಲವು ತುಂಡು. ಕಾಡಿನ ಒಳಗೆ ಇಳಿಯಬೇಡಿ, ಇದು ಸಿಂಗಳೀಕ ಅಭಯಾರಣ್ಯ. ರಸ್ತೆ ಬದಿಯಲ್ಲಿ ಸುಮ್ನೆ ಐದು ನಿಮಿಷ ನಿಂತರೂ ಸಾಕು. ಮಂಗಗಳಿಗೆ ಬಾಳೆಹಣ್ಣು, ಬಿಸ್ಕತ್ತು ದಯವಿಟ್ಟು ಕೊಡಬೇಡಿ. ತಿಂಡಿಯ ಆಸೆಗೆ ರಸ್ತೆಗೆ ಇಳಿದು ವಾಹನಕ್ಕೆ ಸಿಕ್ಕಿ ಸಾಯುತ್ತವೆ, ನೋಡಿ ಹೊಟ್ಟೆ ಉರಿದಿದೆ.

ಹೊನ್ನಾವರದಿಂದ ಕುಮಟಾ 20 ಕಿ.ಮೀ., 66ನೇ ಹೆದ್ದಾರಿ. ಬೇಗ ಮುಗಿಸಿ.

ಗಾಲಿಗೆಳೆಯ:
ಒಂದು ಮರೆತಿದ್ದೆ. ಶಿರಸಿಯಿಂದಲೇ ಯಾಕೆ ಶುರು ಮಾಡುತ್ತೀರಿ? ಬೆಂಗಳೂರಿಂದ ತಾಳಗುಪ್ಪಕ್ಕೆ ರಾತ್ರಿ ರೈಲಿದೆ, ಅಲ್ಲಿಗೆ ಹಳಿ ಮುಗಿಯುತ್ತದೆ. ಸೈಕಲ್ಲನ್ನು ಲಗೇಜ್ ಬುಕ್ ಮಾಡಿ ಬ್ರೇಕ್ ವ್ಯಾನಿಗೆ, ಅಂದರೆ ರೈಲಿನ ಸಾಮಾನಿನ ಡಬ್ಬಿಗೆ ಹಾಕಬಹುದು, ಗೇರ್ ಬದಲಿಸಲು ಚೈನ್ ಸರಿಸುವ ಹಿಂದಿನ ಡಿರೇಲರ್ ಇರುವ ಕಡೆ ಗಟ್ಟಿಯಾಗಿ ರಟ್ಟು ಕಟ್ಟಿರಿ. ತಾಳಗುಪ್ಪದಿಂದ ಜೋಗ ಸುಮಾರು 15 ಕಿ.ಮೀ., ಸಿದ್ದಾಪುರವೂ ಹೆಚ್ಚುಕಡಿಮೆ ಅಷ್ಟೇ. ಮೊದಲ ದಿನ ಜೋಗ, ಎರಡನೇ ದಿನ ಇಳಿದು ಕುಮಟಾ, ಮೂರನೇ ದಿನ ದೊಡ್ಮನೆ ಹತ್ತಿ ಸಿದ್ದಾಪುರ, ಸಂಜೆಗೆ ತಾಳಗುಪ್ಪ, ರಾತ್ರಿ ರೈಲು.

ನಾನು ಬಿದ್ದ ದಿನದ ಒಂದು ಮಾತು. ಆ ಜೀಪಿನವರೇ ನನ್ನನ್ನು ಎತ್ತಿ ಹತ್ತಿರದ ಮನೆಗೆ ಕರೆದುಕೊಂಡು ಹೋದರು. ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದ ಅಜ್ಜಿ ಯಾರು, ಏನು ಅಂತ ಒಂದೂ ಕೇಳಲಿಲ್ಲ. ಎದ್ದು ಬಂದು "ಆಸರಿಗೆ ಬೇಕಾ" ಅಂದರು. ಬೆಲ್ಲದ ತುಂಡು, ತಂಬಿಗೆಯಲ್ಲಿ ತಣ್ಣನೆ ನೀರು. ನೋವಿನಲ್ಲಿ ಕೈ ನಡುಗುತ್ತಿತ್ತು, ತಂಬಿಗೆ ಅವರೇ ಹಿಡಿದು ಕುಡಿಸಿದರು. ನನ್ನ ಸೈಕಲ್ ಎರಡು ತಿಂಗಳು ಅವರ ಕೊಟ್ಟಿಗೆಯಲ್ಲೇ ಇತ್ತು. ತರಲು ಹೋದಾಗ ಚೈನಿಗೆ ತುಕ್ಕು ಹಿಡಿಯದ ಹಾಗೆ ತೆಂಗಿನೆಣ್ಣೆ ಸವರಿ ಇಟ್ಟಿದ್ದರು.

ಪೆಡಲ್‌ಪಯಣ:
ಎಲ್ಲರಿಗೂ ತುಂಬಾ ತುಂಬಾ ಥ್ಯಾಂಕ್ಸ್. ತಮ್ಮನಿಗೆ ಪೂರ್ತಿ ಓದಿ ಹೇಳಿದೆ. ದಾರಿ ತಿರುಗಿಸಿದ್ದೇವೆ, ತಾಳಗುಪ್ಪ ರೈಲಿಗೆ ಟಿಕೆಟ್ ಆಯಿತು. ಭಾನುವಾರ ರಾತ್ರಿ ಬೆಂಗಳೂರು ಬಿಟ್ಟು ಮಂಗಳವಾರ ಬೆಳಿಗ್ಗೆ ಘಟ್ಟ ಇಳಿಯುತ್ತೇವೆ. ತಮ್ಮನ ಸೈಕಲ್ಲಿಗೆ ಹೊಸ ಬ್ರೇಕ್ ಪ್ಯಾಡ್ ಹಾಕಿಸುತ್ತಿದ್ದೇನೆ.

ಕಾನುಕೂಸು ಅಕ್ಕ, ಒಂದೇ ಪ್ರಶ್ನೆ. ಘಟ್ಟ ಹತ್ತಿ ಮೇಲೆ ಬಂದ ಮೇಲೆ ಊಟಕ್ಕೆ ಏನಾದರೂ ಸಿಗುತ್ತದಾ, ಅಥವಾ ಸಿದ್ದಾಪುರದವರೆಗೆ ಕಾಯಬೇಕಾ?

ಕಾನುಕೂಸು:
ಹೋಟೆಲ್ ನಂಬಿಕೊಂಡು ಬರಬೇಡಿ, ಅವಲಕ್ಕಿ ಕಟ್ಟಿಕೊಳ್ಳಿ. ಹಿಂದಿನ ದಿನ ಇಲ್ಲೇ ಒಂದು ಮೆಸೇಜ್ ಹಾಕಿದರೆ ಇಬ್ಬರಿಗೆ ಜಾಸ್ತಿ ಅಕ್ಕಿ ಹಾಕುತ್ತೇನೆ. ಅನ್ನ, ತಂಬುಳಿ, ಅಪ್ಪೆಹುಳಿ ಇರುತ್ತದೆ. 12.30ರ ಒಳಗೆ ಬನ್ನಿ, ಆಮೇಲೆ ನಾನು ತೋಟಕ್ಕೆ ಹೋಗುತ್ತೇನೆ.